ಹಸಿರು ಹೋದ ಮೇಲೆ ಉಳಿಯುವ ಬಗ್ಗಡ

ಈಜುಕೊಳದ ನೀರು ಪಾಚಿ ಕಟ್ಟಿ ಹಸಿರಾದರೆ ಕ್ಲೋರಿನ್ ಸುರಿಯುತ್ತಾರೆ. ಒಂದೆರಡು ದಿನಕ್ಕೆ ಹಸಿರು ಹೋಗುತ್ತದೆ. ಆದರೆ ನೀರು ತಿಳಿಯಾಗುವುದಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಿಕೊಂಡು ನಿಂತುಬಿಡುತ್ತದೆ. ನಾಲ್ಕಡಿ ಆಳದ ತಳದಲ್ಲಿ ಹಾಕಿರುವ ಟೈಲ್ಸ್ ಕೂಡ ಕಾಣುವುದಿಲ್ಲ. ಸತ್ತ ಪಾಚಿ ಎಲ್ಲಿಗೂ ಹೋಗಿರುವುದಿಲ್ಲ, ಬಣ್ಣ ಕಳೆದುಕೊಂಡು ಅಲ್ಲೇ ತೇಲುತ್ತಿರುತ್ತದೆ, ಅಷ್ಟೆ.

ಇಲ್ಲಿಂದ ಮುಂದಕ್ಕೆ ಎರಡು ದಾರಿ. ಇದ್ದ ನೀರನ್ನೆಲ್ಲ ಚರಂಡಿಗೆ ಬಿಟ್ಟು ಹೊಸದಾಗಿ ತುಂಬುವುದು ಒಂದು. ಇದ್ದ ನೀರನ್ನೇ ತಿಳಿ ಮಾಡಿಕೊಳ್ಳುವುದು ಇನ್ನೊಂದು. ಮನೆ ಹಿತ್ತಲಿನ ಒಂದು ಸಾಧಾರಣ ಕೊಳ, 10 ಮೀಟರ್ ಉದ್ದ, 5 ಮೀಟರ್ ಅಗಲ, 1.4 ಮೀಟರ್ ಆಳ ಅಂತ ಲೆಕ್ಕ ಹಾಕಿ. 70 ಸಾವಿರ ಲೀಟರ್ ನೀರು. 12 ಸಾವಿರ ಲೀಟರಿನ ಟ್ಯಾಂಕರ್ ಆದರೆ ಹೆಚ್ಚುಕಡಿಮೆ ಆರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತವೇ ಟ್ಯಾಂಕರ್ ದರ ಗೊತ್ತುಮಾಡಬೇಕಾಯಿತು: ಐದು ಕಿಲೋಮೀಟರ್ ಒಳಗಾದರೆ 12 ಸಾವಿರ ಲೀಟರಿಗೆ 1000 ರೂಪಾಯಿ. ಅದೇ ತಿಂಗಳು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿತು. ತಪ್ಪಿದರೆ 5000 ರೂಪಾಯಿ ದಂಡ. ಕಾರು ತೊಳೆಯುವುದಕ್ಕೂ ಇದೇ ದಂಡ. ರಾಜಾಜಿನಗರ, ವಿಜಯನಗರದ ಓಣಿಗಳಲ್ಲಿ ಜನ ಕೊಡ ಹಿಡಿದು ಟ್ಯಾಂಕರ್ ದಾರಿ ಕಾಯುವಾಗ ಒಂದು ಕೊಳದ ನೀರು ಮೋರಿಗೆ ಹೋಗುವುದೆಂದರೆ ಅದು ಬರೀ ದುಡ್ಡಿನ ಮಾತಲ್ಲ.

ಹಾಗಾಗಿ ನಾವು ಎರಡನೇ ದಾರಿಯ ಚರಿತ್ರೆ ಹೇಳಲು ಹೊರಟಿದ್ದೇವೆ. ಬಗ್ಗಡ ನೀರನ್ನು ಚೆಲ್ಲದೆ ತಿಳಿ ಮಾಡಿಕೊಂಡ ಚರಿತ್ರೆ. ಅದು ಈಜುಕೊಳಕ್ಕಿಂತ ಬಹಳ ಹಳೆಯದು. ಬೆಂಗಳೂರಿನ ಪಶ್ಚಿಮ ಭಾಗ ಅದರಲ್ಲಿ ದೊಡ್ಡ ಪಾತ್ರಧಾರಿ.

ನಮ್ಮ ಊರುಗಳಲ್ಲಿ ಮಳೆಗಾಲದ ಕೆರೆ ನೀರನ್ನು ಹಂಡೆಗೆ ತುಂಬಿ, ಒಂದು ಪಟಿಕದ ಗಡ್ಡೆಯನ್ನು ನಾಲ್ಕು ಸುತ್ತು ಆಡಿಸಿ ಬಿಡುತ್ತಿದ್ದರು. ಬೆಳಿಗ್ಗೆ ಎದ್ದರೆ ಕೆಸರು ತಳಕ್ಕೆ, ತಿಳಿ ಮೇಲಕ್ಕೆ. ಪಟಿಕ ಸಿಗದ ಕಡೆ ಚಿಲ್ಲದ ಬೀಜ. ಒರಟು ಮಣ್ಣಿನ ಮಡಕೆಯ ಒಳಮೈಗೆ ಬೀಜವನ್ನು ತೇದು ಆಮೇಲೆ ನೀರು ತುಂಬುವುದು. ಸಂಸ್ಕೃತದಲ್ಲಿ ಇದಕ್ಕೆ ಕತಕ ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದರ ಹೆಸರಿದೆ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಬಗ್ಗೆ ಬರೆದ ಅಧ್ಯಾಯದಲ್ಲಿ ಕೆಟ್ಟ ಬಾವಿ ನೀರಿಗೆ ಹಾಕಬೇಕಾದ ಪುಡಿಯ ಪಟ್ಟಿ ಕೊಡುತ್ತಾನೆ: ಭದ್ರಮುಷ್ಟಿ, ಲಾವಂಚ, ನೆಲ್ಲಿ, ಕತಕ ಅದರಲ್ಲಿವೆ. ಆಫ್ರಿಕದ ಸುಡಾನಿನಲ್ಲಿ ಹೆಂಗಸರು ನೈಲ್ ನದಿಯ ಕೆಂಪು ನೀರಿಗೆ ನುಗ್ಗೆ ಜಾತಿಯ ಬೀಜ ಅರೆದು ಹಾಕುತ್ತಿದ್ದರು. ಊರು ಬೇರೆ, ಬೀಜ ಬೇರೆ, ಕೆಲಸ ಒಂದೇ.

ಏನದು ಕೆಲಸ? ಬಗ್ಗಡದ ಕಣಗಳು ಎಷ್ಟು ಸಣ್ಣವೆಂದರೆ ತಮ್ಮ ತೂಕಕ್ಕೆ ತಾವೇ ಮುಳುಗಲಾರವು. ಸಾಲದ್ದಕ್ಕೆ ಎಲ್ಲ ಕಣಗಳ ಮೈಮೇಲೂ ಋಣ ವಿದ್ಯುತ್ತಿನ ಅಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಆ ಜಗಳ ಬಿಡಿಸುತ್ತದೆ. ಕಣ ಕಣಕ್ಕೆ ಅಂಟಿ, ಹಿಂಜಿದ ಹತ್ತಿಯಂಥ ತುಣುಕುಗಳಾಗಿ, ಭಾರವಾಗಿ ಇಳಿಯುತ್ತವೆ. ಸತ್ತ ಪಾಚಿಯ ಕಣವೂ ಹೀಗೆಯೇ. ಅಜ್ಜಿಯ ಹಂಡೆಗೂ ಈಜುಕೊಳಕ್ಕೂ ಅಳತೆಯಲ್ಲಿ ಮಾತ್ರ ವ್ಯತ್ಯಾಸ.

ಈಗ ಬೆಂಗಳೂರಿಗೆ ಬರೋಣ. ಕೆರೆ ಬಾವಿಗಳ ಊರಾಗಿತ್ತು ಇದು. ಪೇಟೆಯ ಪಡುವಣಕ್ಕೆ ಧರ್ಮಾಂಬುಧಿ, ಕೆಂಪಾಂಬುಧಿ. 1875ರಿಂದ 1877ರವರೆಗಿನ ದೊಡ್ಡ ಬರ ಕೆರೆಗಳ ಮೇಲಿನ ನಂಬಿಕೆಯನ್ನು ಅಲ್ಲಾಡಿಸಿತು. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು. ಅದೂ ಸಾಲಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಒಡ್ಡು ಹಾಕಿ, ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ನೀರು ಹರಿಸಿ, ಉಗಿ ಯಂತ್ರದಿಂದ ಎತ್ತಿ ಊರಿಗೆ ಕಳಿಸಿದರು. 1896ರಲ್ಲಿ ನೀರು ಬಂತು. ಮಹಾರಾಜರ ಹೆಸರಿನಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಕರೆದರು. ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಅದನ್ನು ನೆನೆದು ನಿಟ್ಟುಸಿರು ಬಿಡುವ ಲೇಖನ ಸಾಕಷ್ಟು ಬಂದಿವೆ, ನಾವು ಮುಂದಕ್ಕೆ ಹೋಗುತ್ತೇವೆ.

ತೆರೆದ ಜಲಾಶಯದ ನೀರು ಕೊಳವೆಯಲ್ಲಿ ಬಂದ ಮಾತ್ರಕ್ಕೆ ತಿಳಿಯಾಗುವುದಿಲ್ಲ. ಬಿಸಿಲು ಬಿದ್ದರೆ ಪಾಚಿ, ಮಳೆ ಬಿದ್ದರೆ ಮಣ್ಣು. ಮಲ್ಲೇಶ್ವರದಲ್ಲಿ ಈಗಲೂ ಜಲಮಂಡಳಿಯ ಒಂದು ಜಾಗಕ್ಕೆ ಜ್ಯುವೆಲ್ ಫಿಲ್ಟರ್ಸ್ ಎಂದೇ ಹೆಸರು. ಆಭರಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಜ್ಯುವೆಲ್ ಅನ್ನುವುದು ಅಮೆರಿಕದಲ್ಲಿ ಈ ಬಗೆಯ ಸೋಸುವ ಯಂತ್ರ ರೂಪಿಸಿದವರ ಮನೆತನದ ಹೆಸರು.

ಈ ಯಂತ್ರದ ಹಿಂದೆ ಒಂದು ಶತಮಾನದ ಕಥೆ ಇದೆ. 1804ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನಲ್ಲಿ ಜಾನ್ ಗಿಬ್ ಎಂಬಾತ ತನ್ನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಗೆ ತಿಳಿನೀರು ಬೇಕಾಗಿ ಮರಳಿನಲ್ಲಿ ನೀರು ಸೋಸಿದ, ಉಳಿದದ್ದನ್ನು ಊರವರಿಗೆ ಮಾರಿದ. 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ದೊಡ್ಡ ಮರಳ ಹಾಸು ಮಾಡಿದ. ನೀರು ಅದರಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ವಿಚಿತ್ರ ಏನೆಂದರೆ ಆ ಹಾಸಿನಲ್ಲಿ ಮುಖ್ಯ ಕೆಲಸ ಮಾಡುತ್ತಿದ್ದದ್ದು ಮರಳಲ್ಲ. ಮರಳಿನ ಮೇಲೆ ಕೆಲವು ದಿನಕ್ಕೆ ಕಟ್ಟಿಕೊಳ್ಳುವ ಲೋಳೆಯಂಥ ಪದರ, ಅಂದರೆ ಪಾಚಿ ಮತ್ತು ಬ್ಯಾಕ್ಟೀರಿಯಾಗಳ ಚಾಪೆ. ನಾವು ಶತ್ರು ಎಂದುಕೊಂಡ ಪಾಚಿಯೇ ಅಲ್ಲಿ ಕಾವಲುಗಾರ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಅದೇ ಎಲ್ಬ್ ನದಿಯ ನೀರನ್ನು ಮರಳಲ್ಲಿ ಸೋಸಿ ಕುಡಿಯುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರಿನ ನಡುವೆ ಇದ್ದದ್ದು ಬರೀ ಒಂದು ಬೀದಿಯ ಗಡಿ.

ನಿಧಾನದ ಮರಳಹಾಸಿಗೆ ಎಕರೆಗಟ್ಟಲೆ ಜಾಗ ಬೇಕು. ಅಮೆರಿಕದ ಕೆಂಪು ಹೊಳೆಗಳಿಗೆ ಅದು ಹೊಂದಲೂ ಇಲ್ಲ, ಎರಡೇ ದಿನಕ್ಕೆ ಮರಳು ಕಟ್ಟಿಕೊಳ್ಳುತ್ತಿತ್ತು. 1884ರಲ್ಲಿ ಹಯಾಟ್ ಎಂಬಾತ ನೀರಿಗೆ ಮೊದಲೇ ಪಟಿಕದಂಥ ಹೆಪ್ಪುಗಟ್ಟಿಸುವ ದ್ರವ್ಯ ಸೇರಿಸಿ ಆಮೇಲೆ ಮರಳಿಗೆ ಬಿಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಜ್ಯುವೆಲ್ ಫಿಲ್ಟರ್ ಇದೇ ವಂಶದ್ದು: ಪಟಿಕ, ವೇಗದ ಮರಳು, ಕಟ್ಟಿಕೊಂಡಾಗ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ಮರಳನ್ನು ತೊಳೆಯುವುದು. ಇವತ್ತು ಈಜುಕೊಳದ ಪಂಪ್ ರೂಮಿಗೆ ಹೋದರೆ ಒಂದು ದುಂಡನೆಯ ಫೈಬರ್ ಟ್ಯಾಂಕ್ ಇರುತ್ತದಲ್ಲ, ತಲೆಯ ಮೇಲೆ ತಿರುಗಿಸುವ ಹಿಡಿ, ಅದರಲ್ಲಿ ಬ್ಯಾಕ್‌ವಾಶ್ ಎಂದು ಬರೆದಿರುತ್ತದೆ. ಅದು ಮಲ್ಲೇಶ್ವರದ ಆ ಹಳೆಯ ಯಂತ್ರದ ಮೊಮ್ಮಗ.

ಪಾಚಿಯನ್ನು ಕೊಲ್ಲುವ ಮದ್ದಿನ ಕಥೆಯಲ್ಲಿ ಮಲೆನಾಡು ಬರುತ್ತದೆ. ನಮ್ಮಂಥ ಹಳ್ಳಿ ಕಡೆಯವರಿಗೆ ಇದು ಹೆಚ್ಚು ಹತ್ತಿರ. ಫ್ರಾನ್ಸಿನ ಬೋರ್ಡೊ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ಬೇಲಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬರಲಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. 1908ರಲ್ಲಿ ಮೈಸೂರು ಸರ್ಕಾರಕ್ಕೆ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ತಂದರು. ಅದಕ್ಕೆ ಮೊದಲು ಮಲೆನಾಡಿನಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1904ರಲ್ಲಿ, ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಕುಡಿಯುವ ನೀರಿನ ಜಲಾಶಯದ ಪಾಚಿಗೆ ಮೈಲುತುತ್ತ ಬಳಸಬಹುದೆಂದು ತೋರಿಸಿದರು. ಗೋಣಿಚೀಲದಲ್ಲಿ ಹರಳು ತುಂಬಿ ದೋಣಿಗೆ ಕಟ್ಟಿ ಕೆರೆಯೆಲ್ಲ ಎಳೆದಾಡುವುದು. ಇವತ್ತು ಈಜುಕೊಳಕ್ಕೆ ಮಾರುವ ಎಷ್ಟೋ ಪಾಚಿನಾಶಕಗಳಲ್ಲಿ ಇರುವುದು ಇದೇ ತಾಮ್ರ. ಪಾಚಿ ಸಾಯುತ್ತದೆ, ತಾಮ್ರ ಉಳಿಯುತ್ತದೆ. ಆ ನೀರನ್ನು ಕೆರೆಗೆ ಬಿಟ್ಟರೆ ಮೀನಿಗೆ ಕಂಟಕ. ನಮ್ಮನ್ನು ಕೇಳಿದರೆ, ಕ್ಲೋರಿನ್ ಸರಿಯಾಗಿದ್ದರೆ ಇದರ ಅಗತ್ಯವೇ ಬೀಳುವುದಿಲ್ಲ.

ಕ್ಲೋರಿನ್ನಿನದು ಇನ್ನೊಂದು ಪ್ರಯಾಣ. ಬ್ಲೀಚಿಂಗ್ ಪೌಡರ್ 1799ರಲ್ಲೇ ಸ್ಕಾಟ್ಲೆಂಡಿನಲ್ಲಿ ಬಟ್ಟೆಗಾಗಿ ಹುಟ್ಟಿತು. ಊರಿನ ನೀರಿಗೆ ಅದನ್ನು ನಿತ್ಯ ಬಳಸಲು ಶುರುಮಾಡಿ ಹೆಸರಾದದ್ದು ಅಮೆರಿಕದ ಜೆರ್ಸಿ ಸಿಟಿ, 1908ರಲ್ಲಿ. ನೀರಿಗೆ ವಿಷ ಹಾಕುತ್ತಿದ್ದಾರೆ ಎಂದು ಕೋರ್ಟಿನಲ್ಲಿ ವಾದವೂ ನಡೆಯಿತು. ನಮ್ಮ ಹಳ್ಳಿಗಳಲ್ಲಿ ಪಂಚಾಯ್ತಿಯ ವಾಟರ್‌ಮನ್ ಬಾವಿಗೆ, ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಪುಡಿ ಅದೇ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಎಂಬುದು ಆರೋಗ್ಯ ಇಲಾಖೆಯವರ ಹಳೆಯ ಲೆಕ್ಕ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿಯುವ ತನಕ ಕಾದು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಈಜುಕೊಳದ ನೀರು ಕೆಲವೊಮ್ಮೆ ಪಾಚಿಯೇ ಇಲ್ಲದೆ ಬಗ್ಗಡವಾಗಲು ಈ ಒಂದು ಹಂತ ಬಿಟ್ಟದ್ದೇ ಕಾರಣ. ಪುಡಿಯನ್ನು ಹಾಗೆಯೇ ಎರಚುತ್ತಾರೆ, ಸುಣ್ಣ ಕೊಳ ಸೇರುತ್ತದೆ.

1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. ಮಾಗಡಿ ರಸ್ತೆ ಆಚೆಯ ಈ ಜಲಾಶಯದ ನೀರೇ ದಶಕಗಳ ಕಾಲ ಊರಿನ ಪಡುವಣ ಬಡಾವಣೆಗಳ ನಲ್ಲಿಗೆ ಬಂತು. ಸ್ವಾತಂತ್ರ್ಯದ ಹೊಸದರಲ್ಲಿ ರಾಜಾಜಿಯವರ ಹೆಸರಿನಲ್ಲಿ ಬೆಳೆದ ರಾಜಾಜಿನಗರ, ಆಮೇಲಿನ ವಿಜಯನಗರ, ಬಸವೇಶ್ವರನಗರ, ಎಲ್ಲ ಕಾರ್ಖಾನೆ ಕೆಲಸಗಾರರ, ಗುಮಾಸ್ತರ, ನಮ್ಮ ಹಾಗೆ ಹಳ್ಳಿಯಿಂದ ಬಂದವರ ಬಡಾವಣೆಗಳು. ಹಿತ್ತಲಲ್ಲಿ ಈಜುಕೊಳ ಇಲ್ಲಿನವರ ಕನಸೂ ಆಗಿರಲಿಲ್ಲ. ಹಿತ್ತಲೆಂದರೆ ಬಾವಿ, ಒಗೆಯುವ ಕಲ್ಲು, ಒಂದು ತೆಂಗಿನಮರ, ಆಮೇಲಾಮೇಲೆ ನೆಲದಡಿಯ ಸಂಪು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದಮೇಲೆ ನೀರನ್ನು ತಿಳಿ ಮಾಡುವ ಕೆಲಸ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಗೆ ಹೋಯಿತು. ನಲ್ಲಿ ತಿರುಗಿಸುವವರಿಗೆ ಪಟಿಕದ ನೆನಪು ಹೋದದ್ದು ಆಗಲೇ ಇರಬೇಕು.

ಅಷ್ಟರಲ್ಲಿ ಪಡುವಣದ ನೀರಿನ ಗತಿ ಕೆಟ್ಟಿತು. ಅರ್ಕಾವತಿಯ ಹರಿವು ಕುಂದಿತು. ಮೇಲಿನ ಊರುಗಳ, ಕಾರ್ಖಾನೆಗಳ ಕೊಳೆ ಸೇರಿತು. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ಎತ್ತುವುದನ್ನೇ ನಿಲ್ಲಿಸಿದರು. ಇತ್ತ ವೃಷಭಾವತಿ, ಗಾಳಿ ಆಂಜನೇಯನ ಗುಡಿ ಪಕ್ಕದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ, ಊರಿನ ಚರಂಡಿಯನ್ನೆಲ್ಲ ಹೊತ್ತು ನೊರೆ ಕಾರುತ್ತ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಕೊನೆಗೆ ಸೇರುವುದು ಅದೇ ಅರ್ಕಾವತಿಗೆ. ಯಾವ ನದಿಯಿಂದ ಕುಡಿದೆವೋ ಅದಕ್ಕೇ ನಮ್ಮ ಕೊಳೆ. ಇಂಥ ನೀರಿಗೆ ಪಟಿಕದಿಂದ ಏನೂ ಆಗದು.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಿಬಿಡಬೇಕು. ತಿಳಿಯಾದದ್ದೆಲ್ಲ ಒಳ್ಳೆಯ ನೀರಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ಕನ್ನಡಿಯಂಥ ನೀರಿರುತ್ತಿತ್ತು, ಅದನ್ನು ಕುಡಿದವರ ಕಾಲಿನಿಂದ ವರ್ಷದ ಮೇಲೆ ದಾರದಂಥ ಹುಳು ಹೊರಬರುತ್ತಿತ್ತು. ನಾರುಹುಣ್ಣು. ನೀರಿನಲ್ಲಿದ್ದ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಜೀವಿಯ ಹೊಟ್ಟೆಯಲ್ಲಿ ಆ ಹುಳುವಿನ ಮರಿ ಇರುತ್ತಿತ್ತು. ಮದ್ದಿಲ್ಲ, ಲಸಿಕೆಯಿಲ್ಲ. ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಜನ ನೀರಿಗೆ ಇಳಿಯದಂತೆ ಮೆಟ್ಟಿಲು ಮುಚ್ಚಿ ಸೇದುಬಾವಿ ಮಾಡುವುದು, ಹೀಗೆ 1980ರ ದಶಕದಿಂದ ದುಡಿದು ದೇಶ ಅದನ್ನು ಕಳೆದುಕೊಂಡಿತು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತೆಂದು ಸಾರಿತು. ಈಜುಕೊಳದಲ್ಲೂ ಹಾಗೆಯೇ: ಕಣ ಇಳಿಸುವುದು ಒಂದು ಕೆಲಸ, ರೋಗಾಣು ಕೊಲ್ಲುವುದು ಇನ್ನೊಂದು. ಒಂದನ್ನು ಮಾಡಿ ಎರಡೂ ಆಯಿತು ಎಂದುಕೊಳ್ಳುವಂತಿಲ್ಲ.

ಹಾಗೆಯೇ ಬಗ್ಗಡವೆಂದರೆ ಬರೀ ನೋಟಕ್ಕೆ ಕೆಟ್ಟದ್ದು ಎಂದೂ ಅಲ್ಲ. ನಾವೆಲ್ಲ ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಅಥವಾ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಮೇಲೆ ನಿಂತ ದೊಡ್ಡವರ ಕಣ್ಣು ನಮ್ಮ ಮೇಲೇ ಇರುತ್ತಿತ್ತು. ಬಗ್ಗಡ ನೀರಿನಲ್ಲಿ ಆ ಕಣ್ಣು ಕೆಲಸ ಮಾಡುವುದಿಲ್ಲ. ಮುಳುಗಿದ ಮಗು ಎರಡಡಿ ಕೆಳಗಿದ್ದರೂ ಕಾಣದು. ಪ್ರಪಂಚದ ಬಹಳಷ್ಟು ಕಡೆ ಈಜುಕೊಳದ ನಿಯಮ ಇದು: ಅತಿ ಆಳದ ತಳ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಯಾರನ್ನೂ ಇಳಿಸಬಾರದು.

ಒಲಿಂಪಿಕ್ಸ್‌ನಲ್ಲೇ ಇದು ಎಡವಿದೆ. 2016ರ ಆಗಸ್ಟ್‌ನಲ್ಲಿ ರಿಯೊದ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾಯಿತು. ಯಾರೋ ಹೈಡ್ರೋಜನ್ ಪೆರಾಕ್ಸೈಡ್ 80 ಲೀಟರ್ ಸುರಿದಿದ್ದರು. ಅದು ಕ್ಲೋರಿನ್ನಿನ ಶಕ್ತಿ ಕಳೆಯಿತು. ಪಕ್ಕದ ಕೊಳದಲ್ಲಿ ಸಿಂಕ್ರೊನೈಸ್ಡ್ ಈಜು ನಡೆಯಬೇಕಿತ್ತು. ನೀರಿನಡಿ ಒಬ್ಬರಿಗೊಬ್ಬರು ಕಾಣದೆ ಆ ಆಟ ಆಡುವಂತಿಲ್ಲ. ಕೊನೆಗೆ ಸುಮಾರು 37 ಲಕ್ಷ ಲೀಟರ್ ಬದಲಿಸಿದರು. ಅವರಿಗೆ ಸಮಯ ಇರಲಿಲ್ಲ, ನೀರಿತ್ತು. ನಮ್ಮದು ಉಲ್ಟಾ.

2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಈಜುಕೊಳ ಮುಚ್ಚಿದವು. ನಮ್ಮ ಬಳಗದ ಗೆಳೆಯನೊಬ್ಬನ ಚಿಕ್ಕಪ್ಪ ಕೆಂಗೇರಿ ಆಚೆ ಒಂದು ತೋಟದ ಮನೆಯ ಕೊಳ ನೋಡಿಕೊಳ್ಳುತ್ತಾರೆ. ಹಿಂದೆ ಊರಿನಲ್ಲಿ ಅವರ ತಂದೆ ನೀರುಗಂಟಿ, ಕೆರೆಯ ತೂಬು ಎತ್ತುವವರು. ಅವರು ಪಾಚಿಯ ಕೊಳವನ್ನು ತಿಳಿ ಮಾಡುವುದನ್ನು ನಾವು ಐದು ದಿನ ನೋಡಿದ್ದೇವೆ. ಅದರಲ್ಲಿ ಮೇಲಿನ ಚರಿತ್ರೆಯೆಲ್ಲ ಇತ್ತು.

ಮೊದಲ ದಿನ ಅವರು ಕ್ಲೋರಿನ್ ಮುಟ್ಟಲೇ ಇಲ್ಲ. ಎಲೆ ಬಾಚಿದರು, ಗೋಡೆ ತಿಕ್ಕಿದರು. ಪಾಚಿ ಗೋಡೆಗೆ ಅಂಟಿ ಕೂತರೆ ಮದ್ದು ಒಳಗೆ ಇಳಿಯುವುದಿಲ್ಲ. ಆಮೇಲೆ ಪಿಎಚ್ ನೋಡಿದರು, 8ರ ಮೇಲಿತ್ತು. ಪಶ್ಚಿಮದ ಬೋರ್‌ವೆಲ್ ನೀರು ಗಡಸು, ಹಾಗೆಯೇ ಇರುತ್ತದೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗ. ಅಂದರೆ ಆ್ಯಸಿಡ್ ಹಾಕಿ ಪಿಎಚ್ ಇಳಿಸದೆ ಕ್ಲೋರಿನ್ ಸುರಿದರೆ ದುಡ್ಡು ದಂಡ. ಆ್ಯಸಿಡ್ ಹಾಕಿ ಪಂಪ್ ಓಡಿಸಿ, ಸಂಜೆ ಬಿಸಿಲು ಇಳಿದ ಮೇಲೆ ಲಿಕ್ವಿಡ್ ಕ್ಲೋರಿನ್ ಹಾಕಿದರು. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ.

'ಎರಡನ್ನೂ ಒಂದೇ ಸಲ ಹಾಕಿದರೆ ಬೇಗ ಆಗಲ್ವಾ ಚಿಕ್ಕಪ್ಪಾ?' ಅಂದ ನಮ್ಮ ಗೆಳೆಯ.

'ಆಗತ್ತಪ್ಪಾ, ಬೇಗ ಮೇಲಕ್ಕೆ ಹೋಗೋದು ಆಗತ್ತೆ' ಅಂದರು.

ಆ್ಯಸಿಡ್, ಕ್ಲೋರಿನ್ ಒಂದೇ ಬಕೆಟ್‌ನಲ್ಲಿ ಸೇರಿದರೆ ಹೊರಡುವ ಹಸಿರು ಹಳದಿ ಗಾಳಿ ಅದೇ, 1915ರಲ್ಲಿ ಯುದ್ಧದಲ್ಲಿ ಈಪ್ರ್ ಊರಿನ ಬಳಿ ಸೈನಿಕರನ್ನು ಕೊಂದದ್ದು. ಅವರ ಪಂಪ್ ರೂಮಿನಲ್ಲಿ ಎರಡು ಕ್ಯಾನ್‌ಗಳೂ ಬೇರೆ ಬೇರೆ ಮೂಲೆಯಲ್ಲಿದ್ದವು. ಕೊಟ್ಟದ್ದು ಒಂದೇ ಜೊತೆ ಗ್ಲೌಸ್, ಅದೂ ಹರಿದದ್ದು. ಈ ಕೆಲಸ ಮಾಡುವ ಎಷ್ಟು ಜನರಿಗೆ ಮಾಸ್ಕ್ ಇದೆ ಎಂದು ಕೊಳದ ಮಾಲೀಕರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂರನೇ ದಿನಕ್ಕೆ ಹಸಿರು ಹೋಗಿ ಬಿಳಿ ಬಗ್ಗಡ ನಿಂತಿತು. ಪಂಪ್ ಹಗಲು ರಾತ್ರಿ ಓಡುತ್ತಿತ್ತು, ಒತ್ತಡದ ಮುಳ್ಳು ಏರಿದಾಗೆಲ್ಲ ಬ್ಯಾಕ್‌ವಾಶ್. ಆದರೂ ತಳ ಕಾಣಲಿಲ್ಲ. ಸತ್ತ ಪಾಚಿಯ ಸಣ್ಣ ಕಣ ಮರಳಿನ ಸಂದಿಯಲ್ಲಿ ನುಸುಳಿ ಮತ್ತೆ ಕೊಳಕ್ಕೇ ಬರುತ್ತದೆ. ಆಗ ತಂದರು ಪಟಿಕ.

ಎಷ್ಟು ಹಾಕಬೇಕು ಎಂಬುದಕ್ಕೆ ಅವರಲ್ಲಿ ಪುಸ್ತಕ ಇಲ್ಲ. ಐದು ಪೇಂಟ್ ಬಕೆಟ್‌ಗಳಲ್ಲಿ ಕೊಳದ ನೀರು ತುಂಬಿ, ಕರಗಿಸಿದ ಪಟಿಕವನ್ನು ಒಂದು, ಎರಡು, ಮೂರು, ನಾಲ್ಕು, ಐದು ಚಮಚ ಹೀಗೆ ಹಾಕಿ ಕಲಸಿ ಬಿಟ್ಟರು. ಅರ್ಧ ಗಂಟೆಗೆ ಮೂರನೆಯದು ತಿಳಿಯಾಗಿತ್ತು. ಐದನೆಯದು ಮತ್ತೆ ಮಬ್ಬು, ಹೆಚ್ಚಾದರೂ ಕಣಗಳು ಅಂಟುವುದಿಲ್ಲ. ತೊರೆಕಾಡನಹಳ್ಳಿಯಂಥ ದೊಡ್ಡ ಘಟಕಗಳ ಪ್ರಯೋಗಾಲಯದಲ್ಲಿ ಇದನ್ನೇ ಗಾಜಿನ ಜಾಡಿಯಲ್ಲಿ ಮಾಡುತ್ತಾರೆ, ಜಾರ್ ಟೆಸ್ಟ್ ಎನ್ನುತ್ತಾರೆ. ಅವರು ಬಕೆಟ್‌ನ ಲೆಕ್ಕವನ್ನು ಕೊಳಕ್ಕೆ ಗುಣಿಸಿ, ಪಟಿಕದ ನೀರನ್ನು ಸುತ್ತಲೂ ಹರಡಿ, ಸ್ವಲ್ಪ ಹೊತ್ತು ನೀರು ತಿರುಗಿಸಿ, ಆಮೇಲೆ ಪಂಪ್ ಪೂರ್ತಿ ನಿಲ್ಲಿಸಿದರು. ರಾತ್ರಿಯೆಲ್ಲ ನೀರು ಅಲ್ಲಾಡಬಾರದು. ನಾಯಿ ಕೂಡ ಆ ಕಡೆ ಹೋಗದಂತೆ ಗೇಟು ಹಾಕಿದರು.

ಬೆಳಿಗ್ಗೆ ತಳದಲ್ಲಿ ಬೂದಿಯಂಥ ಪದರ, ಮೇಲೆ ನೀರು ಇದೆಯೋ ಇಲ್ಲವೋ ಎನ್ನುವ ಹಾಗೆ. ಈಗಲೇ ಹುಷಾರಾಗಿರಬೇಕು. ಆ ಪದರವನ್ನು ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ, ಬ್ರಷ್ ಜೋರಾಗಿ ಆಡಿಸಿದರೆ ಎಲ್ಲ ಮತ್ತೆ ಏಳುತ್ತದೆ. ಹಿಡಿಯನ್ನು ವೇಸ್ಟ್ ಎಂಬಲ್ಲಿಗೆ ತಿರುಗಿಸಿ, ವ್ಯಾಕ್ಯೂಮ್ ಪೈಪನ್ನು ಬಹಳ ನಿಧಾನವಾಗಿ ತಳದ ಮೇಲೆ ಎಳೆಯುತ್ತ ಹೋದರು. ಎರಡೂವರೆ ಗಂಟೆ ಹಿಡಿಯಿತು. ನೀರಿನ ಮಟ್ಟ ಅಂಗೈಯಗಲ ಇಳಿದಿತ್ತು. ಲೆಕ್ಕ ಹಾಕಿದರೆ ಒಂದು ಟ್ಯಾಂಕರಿಗೂ ಕಡಿಮೆ. ಪಟಿಕ ಪಿಎಚ್ ಅನ್ನು ಇಳಿಸುತ್ತದಾದ್ದರಿಂದ ಮತ್ತೆ ಅಳೆದು ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿದರು. ಗಡಸು ನೀರಿಗೆ ಸೋಡಾ ಒಮ್ಮೆಗೇ ಬಿದ್ದರೆ ಸುಣ್ಣ ಹೆಪ್ಪುಗಟ್ಟಿ ಇಷ್ಟೆಲ್ಲ ಮಾಡಿದ್ದು ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಹೊರಗೆ ಬಿಟ್ಟ ಆ ಬೂದಿ ನೀರನ್ನು ಅವರು ಮೋರಿಗೆ ಹರಿಸಲಿಲ್ಲ. ತೋಟದ ಮೂಲೆಯಲ್ಲಿ ತೋಡಿದ್ದ ಒಂದು ಗುಂಡಿಗೆ ಬಿಟ್ಟರು. ಕ್ಲೋರಿನ್ ಬಿಸಿಲಿಗೆ ಹೋಗಲು ಎರಡು ಮೂರು ದಿನ ಬೇಕು, ಆಮೇಲೆ ತೆಂಗಿನ ಬುಡಕ್ಕೆ ಎಂದರು. ಪಕ್ಕದ ಗುಂಡಿ ಹಿಂದಿನ ತಿಂಗಳದ್ದು, ಖಾಲಿಯಾಗಿತ್ತು. ಅದರ ತಳದಲ್ಲಿ ಒಣಗಿ ಬಿರಿದ ಪದರವನ್ನು ಗುದ್ದಲಿಯಲ್ಲಿ ಕೆರೆದು ಪಕ್ಕಕ್ಕೆ ಹಾಕಿ, ಚೀಲದಲ್ಲಿ ಉಳಿದ ಪಟಿಕವನ್ನು ಪಂಪ್ ರೂಮಿನ ಮೇಲಿನ ಹಲಗೆಗೆ ಎತ್ತಿಟ್ಟರು.